ಒಂದು ಸ್ಟೇಷನ್ನಿಗೆ ಒಂದು ವೀಳ್ಯ

ನಮ್ಮ ಕನ್ನಡ ಸಂಘದ ಅಧ್ಯಕ್ಷರನ್ನು ಸದಸ್ಯರು ಆರಿಸುವುದಿಲ್ಲ, ರೈಲ್ವೆ ಸ್ಟೇಷನ್ನುಗಳು ಆರಿಸುತ್ತವೆ. ಹೊರಗಿನವರಿಗೆ ಇದನ್ನು ಹೇಳಿದರೆ ತಮಾಷೆ ಮಾಡುತ್ತಿದ್ದೇನೆ ಎಂದು ನಗುತ್ತಾರೆ. ನಾನೂ ಎಷ್ಟೋ ವರ್ಷ ನಕ್ಕವಳೇ. ಅಧ್ಯಕ್ಷ ಸ್ಥಾನಕ್ಕೆ ನಾನೇ ನಿಂತು, ಎದುರಾಳಿಗಿಂತ ಹೆಚ್ಚು ಓಟು ಪಡೆದು, ಸೋತು ಮನೆಗೆ ಬಂದ ದಿನ ಆ ನಗು ನಿಂತಿತು.

ಸಂಘ ಕಟ್ಟಿದವರೆಲ್ಲ ಬೆಳಗಿನ ಲೋಕಲ್ ರೈಲು ಹಿಡಿದು ಮುಂಬಯಿಯ ವಿ.ಟಿ. ಸ್ಟೇಷನ್ ಕಡೆಗೆ ಕೆಲಸಕ್ಕೆ ಹೋಗುತ್ತಿದ್ದ ಗಂಡಸರು. ಒಬ್ಬರಿಗೊಬ್ಬರ ಮನೆ ಗೊತ್ತಿರಲಿಲ್ಲ, ಊರು ಗೊತ್ತಿರಲಿಲ್ಲ, ಹತ್ತುವ ಸ್ಟೇಷನ್ ಮಾತ್ರ ಗೊತ್ತಿತ್ತು. ಅವರು ಥಾಣೆಯವರು, ಇವರು ಠಾಕುರ್ಲಿಯವರು ಎಂದೇ ಪರಿಚಯ. ರೈಲಿನ ಡಬ್ಬಿಯಲ್ಲಿ ನಿಂತುಕೊಂಡೇ ಸಂಘದ ನಿಯಮಾವಳಿ ಬರೆದರಂತೆ. ಯಾರ ರೈಲ್ವೆ ಪಾಸ್ ಯಾವ ಸ್ಟೇಷನ್ನಿನಿಂದ ಶುರುವೋ ಅವರು ಆ ಸ್ಟೇಷನ್ನಿನ ಸದಸ್ಯರು. ಪ್ರತಿ ಸ್ಟೇಷನ್ನಿನ ಸದಸ್ಯರು ಸೇರಿ ಓಟು ಹಾಕಿ, ಯಾವ ಅಭ್ಯರ್ಥಿ ಬೇಕು ಎಂದು ತೀರ್ಮಾನಿಸಬೇಕು. ಆ ತೀರ್ಮಾನವನ್ನು ಹೊತ್ತು ಒಬ್ಬ ಪ್ರತಿನಿಧಿ ಸಭೆಗೆ ಬರಬೇಕು. ಅವನನ್ನು ವೀಳ್ಯದವನು ಎನ್ನುತ್ತೇವೆ. ಯಾಕೆಂದರೆ ನಮ್ಮಲ್ಲಿ ಕೊನೆಯ ಓಟು ಚೀಟಿಯಲ್ಲಿ ಇಲ್ಲ, ವೀಳ್ಯದೆಲೆಯಲ್ಲಿ. ಅಭ್ಯರ್ಥಿಗಳ ಮುಂದೆ ಒಂದೊಂದು ಹರಿವಾಣ ಇಡುತ್ತಾರೆ. ವೀಳ್ಯದವರು ಒಬ್ಬೊಬ್ಬರಾಗಿ ಎದ್ದು ಬಂದು, ಎಲೆಯ ಮೇಲೆ ಒಂದು ಅಡಿಕೆ ಇಟ್ಟು, ತಮ್ಮ ಸ್ಟೇಷನ್ ಗೆಲ್ಲಿಸಿದವರ ಹರಿವಾಣದಲ್ಲಿ ಇಟ್ಟು ಕೈ ಮುಗಿಯುತ್ತಾರೆ. ನೋಡಲು ಚಂದ. ಮಂಗಳಕಾರ್ಯದ ಹಾಗೆ ಕಾಣುತ್ತದೆ.

ಆದರೆ ಲೆಕ್ಕ ನೋಡಿ. ಒಂದು ಸ್ಟೇಷನ್ನಿಗೆ ಒಂದು ವೀಳ್ಯ. ಡೊಂಬಿವಲಿಯಲ್ಲಿ ಸಂಘದ ಅರ್ಧಕ್ಕರ್ಧ ಜನ ಇದ್ದೇವೆ, ನಮಗೂ ಒಂದೇ ವೀಳ್ಯ. ಪಕ್ಕದ ಕೋಪರದಲ್ಲಿ ಇರುವವರು ಒಬ್ಬರೇ ಸದಸ್ಯರು, ಅವರಿಗೂ ಒಂದು ವೀಳ್ಯ. ನವಿ ಮುಂಬಯಿಗೆ ಸಂಘ ಹುಟ್ಟಿದಾಗ ರೈಲು ಇರಲಿಲ್ಲವಾದ್ದರಿಂದ ಅಲ್ಲಿನವರಿಗೆ ವೀಳ್ಯವೇ ಇಲ್ಲ. ವಾಶಿ, ನೆರೂಳ್, ಐರೋಲಿಯ ಕನ್ನಡಿಗರು ವರ್ಗಣಿಯ ಹಣ ಕೊಡಬಹುದು, ಗಣಪತಿಗೆ ಬಂದು ಊಟ ಮಾಡಬಹುದು, ಕುರ್ಚಿ ಎತ್ತಿಡಬಹುದು, ಓಟು ಮಾತ್ರ ಹಾಕುವ ಹಾಗಿಲ್ಲ. ಆಮೇಲೆ ರೈಲು ಬಂತಲ್ಲ ಎಂದರೆ ಅದು ಬೇರೆ ಲೈನು ಎನ್ನುತ್ತಾರೆ. ಹಿಂದೊಮ್ಮೆ ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಭಾನುವಾರದ ಮೆಗಾಬ್ಲಾಕ್‌ನಲ್ಲಿ ಬದಲಾಪುರದ ವೀಳ್ಯದವರು ಅಂಬರನಾಥದಲ್ಲೇ ಸಿಕ್ಕಿಬಿದ್ದು, ಅವರ ಎಲೆ ಬಾರದೆ ಗೆಲ್ಲಬೇಕಾದವರು ಸೋತದ್ದೂ ಉಂಟು. ರೈಲು ತಡವಾದರೆ ಅಧ್ಯಕ್ಷರು ಬದಲಾಗುವ ಸಂಘ ಭೂಮಿಯ ಮೇಲೆ ನಮ್ಮದೊಂದೇ ಇರಬೇಕು.

ಇನ್ನು ನನ್ನ ಸ್ಟೇಷನ್ನಿನ ಕಥೆ. ನಾನು ಮದುವೆಯಾಗಿ ಪುತ್ತೂರು ಕಡೆಯಿಂದ ಬಂದವಳು, ಅಂದಿನಿಂದ ಡೊಂಬಿವಲಿ ಪೂರ್ವದಲ್ಲೇ ಇದ್ದೇನೆ. ಥಾಣೆಯ ಟೆಲಿಫೋನ್ ಆಫೀಸಿನಲ್ಲಿ ನಿವೃತ್ತಿಯವರೆಗೆ ಕೆಲಸ ಮಾಡಿದೆ. ನನ್ನ ಪರ್ಸಿನಲ್ಲಿ ಡೊಂಬಿವಲಿಯಿಂದ ಥಾಣೆಗೆ ನನ್ನದೇ ಹೆಸರಿನ ಪಾಸ್ ಇರುತ್ತಿತ್ತು. ಆದರೂ ಸಂಘದಲ್ಲಿ ನಾನು ಕಲ್ಯಾಣದವಳು. ಯಾಕೆ ಗೊತ್ತೇ? ನನ್ನ ಗಂಡನ ಪಾಸ್ ಕಲ್ಯಾಣದ್ದಾಗಿತ್ತು. ಡೊಂಬಿವಲಿಯಲ್ಲಿ ಹತ್ತಿದರೆ ಕೂರಲು ಜಾಗ ಸಿಗುವುದಿಲ್ಲ ಎಂದು ಅವರೂ ಅವರಂಥ ಎಷ್ಟೋ ಜನರೂ ಬೆಳಿಗ್ಗೆ ಉಲ್ಟಾ ದಿಕ್ಕಿನ ರೈಲು ಹತ್ತಿ ಕಲ್ಯಾಣಕ್ಕೆ ಹೋಗಿ, ಅಲ್ಲಿ ಕಿಟಕಿಯ ಸೀಟು ಹಿಡಿದು, ಮತ್ತೆ ಡೊಂಬಿವಲಿಯ ಮೇಲೆಯೇ ಹಾದು ಮುಂಬಯಿಗೆ ಹೋಗುತ್ತಿದ್ದರು. ಅದಕ್ಕೆಂದೇ ಪಾಸ್ ಕಲ್ಯಾಣದಿಂದ ಮಾಡಿಸುತ್ತಿದ್ದರು. ಹೆಂಗಸರಿಗೆ ಬೇರೆ ಪಾಸ್ ಇದೆಯೇ ಎಂದು ಸಂಘದವರು ಕೇಳಲೇ ಇಲ್ಲ, ಗಂಡನ ಪಾಸ್ ಯಾವುದೋ ಹೆಂಡತಿಯೂ ಅದೇ ಎಂದು ಬರೆದುಕೊಂಡರು. ಹೀಗೆ ಒಂದು ಕಿಟಕಿಯ ಗಾಳಿಗಾಗಿ ಡೊಂಬಿವಲಿಯ ಎಷ್ಟೋ ಹೆಂಗಸರು ಕಾಗದದ ಮೇಲೆ ಕಲ್ಯಾಣದವರಾದೆವು. ನನ್ನ ಗಂಡ ತೀರಿಕೊಂಡು ವರ್ಷಗಳಾದವು. ಅವರ ಪಾಸಿನ ಅವಧಿ ಮುಗಿದರೂ ನನ್ನ ಪಾಲಿಗೆ ಅದು ಇನ್ನೂ ಚಾಲ್ತಿಯಲ್ಲಿತ್ತು.

ಇಷ್ಟಾದರೂ ನಾನು ಸುಮ್ಮನಿದ್ದೆ. ನನಗೆ ಬೇಕಾಗಿದ್ದದ್ದು ಅಧ್ಯಕ್ಷಗಿರಿ ಅಲ್ಲ, ಸಂಘದ ಹಿಂದಿನ ಕೋಣೆ.

ಸಂಘಕ್ಕೆ ಡೊಂಬಿವಲಿಯಲ್ಲಿ ಮೊದಲ ಮಹಡಿಯಲ್ಲಿ ಒಂದು ಹಾಲ್ ಇದೆ. ಅದರ ಹಿಂದೆ ಪಾತ್ರೆ ಇಡುವ ಒಂದು ಕೋಣೆ. ಆ ಪಾತ್ರೆಗಳನ್ನು ಒಂದು ಮೂಲೆಗೆ ಸರಿಸಿ, ನಿವೃತ್ತಿಯಾದ ವರ್ಷದಿಂದ ಪ್ರತಿ ಭಾನುವಾರ ಅಲ್ಲಿ ಕನ್ನಡ ಕ್ಲಾಸ್ ನಡೆಸುತ್ತ ಬಂದಿದ್ದೇನೆ. ನನ್ನ ಮಗನಿಂದಲೇ ನನಗೆ ಬುದ್ಧಿ ಬಂದದ್ದು. ಭಿವಂಡಿಯ ಒಂದು ಗೋದಾಮಿನಲ್ಲಿ ಮ್ಯಾನೇಜರ್ ಆಗಿರುವ ಅವನಿಗೆ ನಾನು ಹೇಳಿದ್ದೆಲ್ಲ ಅರ್ಥವಾಗುತ್ತದೆ, ಉತ್ತರ ಬರುವುದು ಹಿಂದಿಯಲ್ಲಿ, ಸಿಟ್ಟು ಬಂದರೆ ಮರಾಠಿಯಲ್ಲಿ. ಅವನು ಮದುವೆಯಾದದ್ದು ಮರಾಠಿ ಹುಡುಗಿಯನ್ನು. ಐರೋಲಿಯಲ್ಲಿ ಮನೆ ಮಾಡಿದ ಮೇಲೆ ಆಕೆ ಒಂದು ಭಾನುವಾರ ತಾನಾಗಿಯೇ ಬಂದು ಸಣ್ಣ ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ಕೂತಳು. ಮೂರನೆಯ ಮಳೆಗಾಲ ಬರುವ ಹೊತ್ತಿಗೆ ದಿನಪತ್ರಿಕೆ ಓದುತ್ತಿದ್ದಳು. ಮಗ ಕಲಿಯದ ಭಾಷೆಯನ್ನು ಸೊಸೆ ಕಲಿತದ್ದು ಆ ಕೋಣೆಯಲ್ಲಿ. ಅದಕ್ಕೇ ನನಗೆ ಅದರ ಮೇಲೆ ಅಷ್ಟು ಜೀವ.

ಆ ಕೋಣೆಗೆ ಕುತ್ತು ಬಂದದ್ದು ಹಾಲ್ ಅನ್ನು ವರ್ಷವಿಡೀ ಮದುವೆಯ ಕೇಟರಿಂಗಿನವರಿಗೆ ವಹಿಸಿಬಿಡುವ ಮಾತು ಎದ್ದಾಗ. ಅವರಿಗೆ ಹಿಂದಿನ ಕೋಣೆಯೂ ಬೇಕಂತೆ, ವಧುವಿನ ಅಲಂಕಾರಕ್ಕೆ. ಈ ಮಾತು ಎತ್ತಿದವರು ಮುಂದಿನ ಅಧ್ಯಕ್ಷರೆಂದು ಆಗಲೇ ಎಲ್ಲರೂ ಒಪ್ಪಿಕೊಂಡಿದ್ದ ಒಬ್ಬ ಹೋಟೆಲಿನವರು. ಉಡುಪಿ ಕಡೆಯವರು, ಥಾಣೆಯ ಮಾಜಿವಾಡಾದ ಎತ್ತರದ ಟವರಿನಲ್ಲಿ ಮನೆ, ಓಡಾಟ ಕಾರಿನಲ್ಲಿ. ಆದರೂ ಅವರ ವೀಳ್ಯ ದಿವಾ ಸ್ಟೇಷನ್ನಿನದು, ಯಾಕೆಂದರೆ ಅವರ ತಂದೆ ಮೊದಲು ಪಾಸ್ ಮಾಡಿಸಿದ್ದು ಅಲ್ಲಿಂದ. ಕೆಟ್ಟ ಮನುಷ್ಯನೆಂದು ನಾನು ಹೇಳಲಾರೆ. ಮನೆಗೇ ಬಂದು, ತಂದಿದ್ದ ಗೋಳಿಬಜೆಯ ಪೊಟ್ಟಣವನ್ನು ಟೀಪಾಯಿಯ ಮೇಲಿಟ್ಟು, ವಿನಯದಿಂದಲೇ ಹೇಳಿದರು.

"ಅಕ್ಕ, ಕ್ಲಾಸ್ ನಿಲ್ಲಿಸಿ ಅಂತ ನಾನು ಹೇಳುದಿಲ್ಲ. ಆನ್‌ಲೈನ್ ಮಾಡುವ. ಮಕ್ಕಳಿಗೂ ಅದೇ ಇಷ್ಟ ಅಲ್ವಾ?"

ನನ್ನ ಮೈ ಉರಿಯಿತು. ಪೊಟ್ಟಣವನ್ನು ಅವರ ಕೈಗೇ ಕೊಟ್ಟು ಕಳಿಸಿದೆ, ಮರುದಿನವೇ ಅಧ್ಯಕ್ಷ ಸ್ಥಾನಕ್ಕೆ ಅರ್ಜಿ ಹಾಕಿದೆ. ನನ್ನ ಮಾತು ಎರಡೇ. ಕೋಣೆ ಕ್ಲಾಸಿಗೇ ಉಳಿಯಬೇಕು. ವೀಳ್ಯದ ಪದ್ಧತಿ ಹೋಗಬೇಕು, ಒಬ್ಬ ಸದಸ್ಯನಿಗೆ ಒಂದು ಓಟು, ಅವನು ಎಲ್ಲಿ ಬೇಕಾದರೂ ಹತ್ತಲಿ, ಎಲ್ಲಿ ಬೇಕಾದರೂ ಇಳಿಯಲಿ. ಎರಡನೆಯದನ್ನು ಹೇಳಬೇಡ, ಹಳಬರು ಮುನಿಯುತ್ತಾರೆ ಎಂದು ಹಿತೈಷಿಗಳು ಕಿವಿಯಲ್ಲಿ ಊದಿದರು. ಮುನಿಯಲಿ ಎಂದೆ. ಮಳೆ ಶುರುವಾಗುವ ಮೊದಲಿನ ಆ ಸೆಕೆಯಲ್ಲಿ ಸೊಸೆಯ ಸ್ಕೂಟರಿನ ಹಿಂದೆ ಕೂತು ಮನೆಮನೆ ಸುತ್ತಿದೆ. ತನಗೆ ಓಟೇ ಇಲ್ಲದ ಚುನಾವಣೆಗೆ ಅವಳು ರಜೆ ಹಾಕಿ ನನ್ನನ್ನು ಹೊತ್ತು ತಿರುಗಿದಳು. ಠಾಕುರ್ಲಿಯ ಚಾಳಿನ ಮೂರನೆಯ ಮಹಡಿಗೆ ಹತ್ತಿದಾಗ ನನಗೆ ಏದುಸಿರು, ಅವಳು ನನ್ನ ಬದಲಿಗೆ ಮಾತಾಡಿದಳು. ಮನೆಯವರು ಅವಳ ಕನ್ನಡ ಕೇಳಿ, ಇವರು ಯಾವ ಊರಿನವರು ಎಂದು ನನ್ನನ್ನು ಕೇಳಿದರು.

ಎಲ್ಲ ಅಭ್ಯರ್ಥಿಗಳೂ ತಪ್ಪದೆ ಹೋಗುವ ಮನೆ ಒಂದಿದೆ, ಕೋಪರದ ಕಾಕಾನ ಮನೆ. ಕಾಕಾ ಗದಗ ಕಡೆಯವರು, ರೈಲು ದುರಸ್ತಿ ಮಾಡುವ ಕುರ್ಲಾದ ಕಾರ್‌ಶೆಡ್‌ನಲ್ಲಿ ದುಡಿದು ನಿವೃತ್ತರಾಗಿ ಮಗಳು, ಅಳಿಯ, ಮೊಮ್ಮಕ್ಕಳ ಜೊತೆ ಇದ್ದಾರೆ. ಮನೆಯಲ್ಲಿ ಮಾತು ಮರಾಠಿ, ಸಂಘಕ್ಕೆ ಸೇರಿದವರು ಅವರೊಬ್ಬರೇ. ಕೋಪರದ ಏಕೈಕ ಸದಸ್ಯರಾದ್ದರಿಂದ ತಮ್ಮ ಓಟು ತಾವೇ ಹಾಕಿ, ತಾವೇ ಎಣಿಸಿ, ತಾವೇ ವೀಳ್ಯದವರಾಗಿ ಬರುತ್ತಾರೆ. ಅವರ ಒಂದು ಎಲೆ ಇಡೀ ಡೊಂಬಿವಲಿಯ ಎಲೆಗೆ ಸಮ. ಹಾಗಾಗಿ ಚುನಾವಣೆ ಬಂತೆಂದರೆ ಅವರ ಮನೆಗೆ ಧಾರವಾಡ ಪೇಡೆ ಬರುತ್ತದೆ, ಶಾಲು ಬರುತ್ತದೆ, ಗಂಟೆಗಟ್ಟಲೆ ಹರಟೆಗೆ ಜನ ಬರುತ್ತಾರೆ. ಉಳಿದ ದಿನ ಆ ಬಾಗಿಲು ತಟ್ಟುವವರು ಯಾರೂ ಇಲ್ಲ. ನಾನು ಏನೂ ಒಯ್ಯದೆ ಹೋದೆ. ಕಾಕಾ ಚಹಾ ಕುಡಿಸಿದರು, ಕಾರ್‌ಶೆಡ್‌ನ ಕಥೆ ಹೇಳಿದರು, ನನ್ನದು ನ್ಯಾಯದ ಮಾತು ಎಂದರು. ಹೊರಡುವಾಗ ಮಾತ್ರ ಏನೂ ಭರವಸೆ ಕೊಡಲಿಲ್ಲ.

ಸ್ಟೇಷನ್ನುಗಳ ಓಟು ಒಂದು ಭಾನುವಾರ ನಡೆಯಿತು. ಡೊಂಬಿವಲಿ ನನ್ನನ್ನು ಎತ್ತಿ ಹಿಡಿಯಿತು, ಎದುರಾಳಿಗೆ ಅಲ್ಲಿ ಅವರ ಷಡ್ಡಕನ ಮನೆಯವರು ಬಿಟ್ಟರೆ ಬೇರೆ ಗತಿ ಇರಲಿಲ್ಲ. ಠಾಕುರ್ಲಿ, ಬದಲಾಪುರ ನನ್ನವಾದವು. ದಿವಾದಲ್ಲಿ ಉಳಿದಿರುವ ಬೆರಳೆಣಿಕೆಯ ಸದಸ್ಯರು ಹೋಟೆಲಿನವರ ಸಂಬಂಧಿಗಳೇ, ಅದು ಅವರಿಗೆ ಹೋಯಿತು. ಥಾಣೆ ಕೂದಲೆಳೆಯಲ್ಲಿ ತಪ್ಪಿತು. ಕಲ್ಯಾಣ ಅದಕ್ಕಿಂತ ಸಣ್ಣ ಅಂತರದಲ್ಲಿ ತಪ್ಪಿತು.

ಕಲ್ಯಾಣದ ಲೆಕ್ಕ ಕೇಳಿದಾಗ ನನಗೆ ಆದದ್ದು ಬೇಸರವಲ್ಲ, ಸಿಟ್ಟು. ಪದ್ಧತಿ ಏನೆಂದರೆ, ಸ್ಟೇಷನ್ನಿನಲ್ಲಿ ಒಂದು ಓಟು ಹೆಚ್ಚು ಬಂದವರಿಗೆ ಇಡೀ ಸ್ಟೇಷನ್ನಿನ ಎಲೆ. ಸೋತವರಿಗೆ ಬಿದ್ದ ಓಟುಗಳು ಗೆದ್ದವರ ಎಲೆಯೊಳಗೇ ಸೇರಿಹೋಗುತ್ತವೆ. ನಾನು ಕಲ್ಯಾಣದ ಸದಸ್ಯೆ. ನನ್ನ ಹೆಸರಿಗೆ ನಾನೇ ಹಾಕಿದ ಓಟು ಕಲ್ಯಾಣದ ವೀಳ್ಯದ ಜೊತೆ ನನ್ನ ಎದುರಾಳಿಯ ಹರಿವಾಣಕ್ಕೆ ಹೊರಟಿತ್ತು. ಗಂಡ ಕಿಟಕಿಯ ಪಕ್ಕ ಕೂರಬೇಕೆಂದು ಮಾಡಿಸಿದ ಪಾಸಿನಿಂದ ನನ್ನ ಓಟು ನನ್ನನ್ನೇ ಸೋಲಿಸಲು ಹೋಗುತ್ತಿತ್ತು. ಇದನ್ನು ಪದ್ಧತಿ ಎಂದು ಕರೆಯುವವರಿಗೆ ನಾಚಿಕೆಯಾಗಬೇಕು.

ತಲೆ ಎಣಿಸಿದರೆ ನನ್ನ ಕಡೆ ಇದ್ದವರು ಎಷ್ಟೋ ಹೆಚ್ಚು. ಎಲೆ ಎಣಿಸಿದರೆ ಅವರಿಗೆ ಮೂರು, ನನಗೆ ಮೂರು. ಉಳಿದದ್ದು ಕೋಪರ. ಕಾಕಾ ತಮ್ಮ ತೀರ್ಮಾನವನ್ನು ವೀಳ್ಯದ ದಿನವೇ ಹೇಳುವುದು ರೂಢಿ.

ವೀಳ್ಯದ ದಿನಕ್ಕೆ ಮೊದಲು ಕಾಕಾ ಫೋನ್ ಮಾಡಿ ಕರೆಸಿಕೊಂಡರು. ಮನೆಯ ಮುಂದಿನ ಗ್ಯಾಲರಿಯಲ್ಲಿ ಕುರ್ಚಿ ಹಾಕಿಸಿ, ಮಗಳನ್ನು ಒಳಗೆ ಕಳಿಸಿ, ನೇರವಾಗಿ ವಿಷಯಕ್ಕೆ ಬಂದರು. ಕೋಣೆಯ ವಿಷಯದಲ್ಲಿ ಅವರು ನನ್ನ ಕಡೆಗೇ ಇದ್ದರು. ಇನ್ನೊಂದು ಮಾತು ಅವರಿಗೆ ನುಂಗಲಾಗುತ್ತಿರಲಿಲ್ಲ.

"ತಂಗಿ, ಎಲಿ ನಿನಗs ಕೊಡ್ತೀನಿ," ಎಂದರು. "ಆದ್ರ ವೀಳ್ಯಾ ತಗೀಬ್ಯಾಡ. ನೀ ಎಲ್ಲಾರಿಗೂ ಒಂದೊಂದು ಓಟು ಮಾಡಿದಿ ಅಂದ್ರ ನಾಳೆ ಕೋಪರಕ್ಕ ಯಾಂವ ಬರ್ತಾನ ಹೇಳು?"

ಅವರ ಮುಖ ನೋಡಿದೆ. ಅದರಲ್ಲಿ ಆಸೆ ಇತ್ತು, ಕುತಂತ್ರ ಇರಲಿಲ್ಲ. ಈ ಪದ್ಧತಿ ಅವರಿಗೆ ಕೊಟ್ಟಿದ್ದು ಅಧಿಕಾರ ಅಲ್ಲ, ಎರಡು ವರ್ಷಕ್ಕೊಮ್ಮೆ ನಾಲ್ಕು ಜನರ ಜೊತೆ ಕನ್ನಡದಲ್ಲಿ ಮಾತಾಡುವ ಭಾಗ್ಯ. ಒಂದು ಹೂಂ ಅಂದಿದ್ದರೆ ಸಾಕಿತ್ತು, ಕೋಣೆಯ ಬೀಗದ ಕೈ ನನ್ನ ಸೆರಗಿನಲ್ಲಿ ಇರುತ್ತಿತ್ತು. ಮಕ್ಕಳು ಅಲ್ಲೇ ಕೂತು ಕಾಗುಣಿತ ಬರೆಯುತ್ತಿದ್ದರು. ನಾಲಿಗೆಯ ತುದಿಯವರೆಗೂ ಬಂದಿತ್ತು ಆ ಹೂಂ. ಆದರೆ ಆಗ ನನ್ನ ಸೊಸೆಗೆ ನಾನು ಏನು ಹೇಳಬೇಕಿತ್ತು? ನೀನು ಸ್ಕೂಟರ್ ಓಡಿಸು, ನಾನು ಗೆಲ್ಲುತ್ತೇನೆ, ನಿನಗೆ ಎಂದೆಂದೂ ಓಟಿಲ್ಲ ಎಂದೇ?

"ಇಲ್ಲ ಕಾಕಾ," ಎಂದೆ. "ವೀಳ್ಯ ತೆಗೆಯುವವಳೇ ನಾನು. ತೆಗೆದ ಮೇಲೂ ನಿಮ್ಮಲ್ಲಿಗೆ ಬರ್ತೇನೆ."

"ಎಲ್ಲಾರೂ ಹಂಗs ಅಂತಾರ, ತಂಗಿ," ಎಂದು ಅವರು ಎದ್ದರು.

ವೀಳ್ಯದ ದಿನ ಹಾಲ್ ತುಂಬಿತ್ತು. ಮಲ್ಲಿಗೆ, ಊದುಬತ್ತಿ, ಹಿಂದಿನಿಂದ ಬರುತ್ತಿದ್ದ ಸಾರಿನ ಒಗ್ಗರಣೆಯ ಪರಿಮಳ. ಆರು ಎಲೆಗಳು ನಿರೀಕ್ಷೆಯಂತೆ ಬಿದ್ದವು. ಕಲ್ಯಾಣದ ವೀಳ್ಯದವರು ನನ್ನ ಪಕ್ಕದ ಕಟ್ಟಡದಲ್ಲೇ ಇರುವವರು. ನನ್ನ ಮುಂದೆ ಹಾದುಹೋಗುವಾಗ ತಲೆ ತಗ್ಗಿಸಿದರು, ಅವರ ತಪ್ಪೇನೂ ಇರಲಿಲ್ಲ. ಕೊನೆಗೆ ಕಾಕಾ ಎದ್ದು ನಿಧಾನಕ್ಕೆ ಬಂದು, ಎರಡೂ ಹರಿವಾಣಗಳ ನಡುವೆ ನಿಂತು, ನನ್ನ ಕಡೆ ಒಮ್ಮೆ ನೋಡಿದರು. ನಾನು ಅವರ ಕಣ್ಣು ತಪ್ಪಿಸಲಿಲ್ಲ. ಎಲೆ ಹೋಟೆಲಿನವರ ಹರಿವಾಣಕ್ಕೆ ಬಿತ್ತು. ಚಪ್ಪಾಳೆ ಬಿತ್ತು, ಡೊಂಬಿವಲಿಯವರು ಸುಮ್ಮನೆ ಕೂತಿದ್ದರು. ಇಷ್ಟು ಜನ ಸುಮ್ಮನೆ ಕೂತಿರುವಾಗ ಒಬ್ಬರು ಅಧ್ಯಕ್ಷರಾಗುವುದನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಊಟಕ್ಕೆ ಏಳುವ ಮೊದಲು ಪ್ರಶ್ನೆ ಕೇಳಲು ಅವಕಾಶ ಇರುತ್ತದೆ. ಯಾರೂ ಕೇಳುವುದಿಲ್ಲ, ಊಟದ ಎಲೆ ಹಾಕಿಯಾಗಿರುತ್ತದೆ. ಆ ದಿನ ಹಿಂದಿನ ಸಾಲಿನಿಂದ ನನ್ನ ಸೊಸೆ ಎದ್ದು ನಿಂತಳು. ಓಟಿಲ್ಲದಿದ್ದರೂ ಪ್ರಶ್ನೆ ಕೇಳಲು ಅಡ್ಡಿಯಿಲ್ಲ ಎಂದು ಅವಳು ನಿಯಮಾವಳಿ ಓದಿ ತಿಳಿದಿದ್ದಳು.

"ನಾನು ಐರೋಲಿಯವಳು, ನನಗೆ ಮತವಿಲ್ಲ ಎನ್ನುತ್ತೀರಿ," ಎಂದು ತನ್ನ ಪುಸ್ತಕದ ಕನ್ನಡದಲ್ಲಿ ಕೇಳಿದಳು. "ನಾಳೆ ನಾನು ಕೋಪರದಿಂದ ಪಾಸ್ ಮಾಡಿಸಿದರೆ ಕೋಪರದ ಸದಸ್ಯೆ ಆಗುತ್ತೇನೆಯೇ?"

ಸಭೆಯಲ್ಲಿ ನಗೆ ಎದ್ದಿತು. ಕೋಪರದಿಂದ ಪಾಸ್ ಮಾಡಿಸುವ ಹುಚ್ಚು ಯಾರಿಗೆ? ಕಾರ್ಯದರ್ಶಿಯವರು ಹಸಿದಿದ್ದರು, ಅವರಿಗೂ ನಗು ಬಂತು. ಮೈಕಿನಲ್ಲೇ, ಖಂಡಿತ ಆಗುತ್ತೀರಿ, ಪಾಸ್ ತಂದು ತೋರಿಸಿ, ಅದೇ ನಮ್ಮ ನಿಯಮ, ಇಲ್ಲಿ ಎಲ್ಲರಿಗೂ ಒಂದೇ ನ್ಯಾಯ ಎಂದುಬಿಟ್ಟರು. ಹೊಸ ಅಧ್ಯಕ್ಷರೂ ನಗುತ್ತ ತಲೆಯಾಡಿಸಿದರು. ಸೊಸೆ ನಗಲಿಲ್ಲ. ಧನ್ಯವಾದ ಹೇಳಿ ಕೂತಳು. ನನಗೆ ಅವಳ ತಲೆಯಲ್ಲಿ ಏನು ಓಡುತ್ತಿದೆ ಎಂದು ಹೊಳೆದದ್ದು ಪಾಯಸ ಬಡಿಸುವಾಗ. ನಾನು ಆ ದಿನ ಎರಡು ಸಲ ಪಾಯಸ ಹಾಕಿಸಿಕೊಂಡೆ.

ಮುಂದಿನ ವಾರ ಕೋಣೆಗೆ ಬೇರೆ ಬೀಗ ಬಿತ್ತು. ನಾವು ಹಾಲ್‌ಗೆ ಹತ್ತುವ ಮೆಟ್ಟಿಲುಗಳ ಮೇಲೆ ಕೂತೆವು. ಮೆಟ್ಟಿಲು ಯಾರ ಬಾಡಿಗೆಗೂ ಸೇರಿಲ್ಲ. ದೊಡ್ಡ ಮಕ್ಕಳು ಮೇಲಿನ ಮೆಟ್ಟಿಲಲ್ಲಿ, ಸಣ್ಣವರು ಕೆಳಗೆ, ನಾನು ನಡುವಿನ ತಿರುವಿನಲ್ಲಿ ಬೋರ್ಡು ಒರಗಿಸಿಕೊಂಡು. ಮದುವೆಯ ಜನ ರೇಷ್ಮೆ ಸೀರೆ ಎತ್ತಿಕೊಂಡು ನಮ್ಮ ನಡುವೆ ದಾಟಿ ಹೋಗಬೇಕಾಯಿತು. ಕೆಲವರು ಗೊಣಗಿದರು, ಕೆಲವರು ತಮ್ಮ ಮಕ್ಕಳನ್ನೂ ಕೂರಿಸಬಹುದೇ ಎಂದು ವಿಚಾರಿಸಿದರು.

ಆಮೇಲೆ ಒಂದು ಬೆಳಿಗ್ಗೆ ನಾವು ಹೆಂಗಸರು ಕೋಪರ ಸ್ಟೇಷನ್ನಿನ ಟಿಕೆಟ್ ಕಿಟಕಿಯ ಮುಂದೆ ಸಾಲು ನಿಂತೆವು. ಡೊಂಬಿವಲಿಯಲ್ಲಿ ಗೆಲ್ಲಲು ಬೇಕಾದದ್ದಕ್ಕಿಂತ ಬಹಳ ಹೆಚ್ಚು ಜನ ನಮ್ಮ ಕಡೆ ಇದ್ದರು. ಉಕ್ಕುವ ಹಾಲನ್ನು ಇನ್ನೊಂದು ಪಾತ್ರೆಗೆ ಸುರಿದ ಹಾಗೆ ಆ ಹೆಚ್ಚಿನವರನ್ನು ಕೋಪರಕ್ಕೂ ದಿವಾಕ್ಕೂ ಹಂಚಿದೆವು. ಗಂಡಂದಿರ ಹಳೆಯ ಪಾಸಿನಿಂದ ಕಲ್ಯಾಣದಲ್ಲಿ ಸಿಕ್ಕಿಕೊಂಡಿದ್ದವರಲ್ಲಿ ವಿಧವೆಯರೇ ಹೆಚ್ಚು, ಅವರೆಲ್ಲ ಮೊದಲು ಬಂದರು. ಕೋಪರದಿಂದ ಡೊಂಬಿವಲಿಗೆ ಒಂದೇ ಸ್ಟೇಷನ್ನಿನ ದಾರಿ, ಅದಕ್ಕಿಂತ ಚಿಕ್ಕ ಪಾಸ್ ಇಲ್ಲ. ಮೊಬೈಲಿನಲ್ಲೇ ಮಾಡಿಸಬಹುದು ಎಂದು ಸೊಸೆ ಹೇಳಿದರೂ ಹಿರಿಯರು ಒಪ್ಪಲಿಲ್ಲ. ಕಾರ್ಯದರ್ಶಿಯ ಮೇಜಿನ ಮೇಲೆ ಕಾಗದದ ಪಾಸನ್ನೇ ತಟ್ಟಿ ಇಡಬೇಕು ಎಂದು ಅವರ ಹಟ.

ಕಿಟಕಿಯ ಹಿಂದಿನ ಹೆಂಗಸು ನಮ್ಮ ಸಾಲನ್ನು ನೋಡಿ ಮರಾಠಿಯಲ್ಲಿ ಕೇಳಿದಳು, ಎಲ್ಲರೂ ದಿನಾ ಡೊಂಬಿವಲಿಗೆ ಕೆಲಸಕ್ಕೆ ಹೋಗುತ್ತೀರಾ ಎಂದು. ನಾವು ಇರುವುದೇ ಡೊಂಬಿವಲಿಯಲ್ಲಿ ಎಂದೆ. ಹಾಗಾದರೆ ಈ ಪಾಸ್ ಯಾಕೆ ಎಂದಳು. ಓಟಿಗೆ ಎಂದೆ. ಅವಳಿಗೆ ಏನು ಅರ್ಥವಾಯಿತೋ, ಮುಂದಿನವರನ್ನು ಕರೆದಳು. ಪಾಸ್ ಕೈಗೆ ಬಂದಾಗ ನನ್ನ ಹೆಸರು ಓದಿಕೊಂಡೆ. ಇಷ್ಟು ವರ್ಷ ಸಂಘದಲ್ಲಿ ನಾನು ಇನ್ನೊಬ್ಬರ ಪಾಸಿನ ಮೇಲೆ ಪ್ರಯಾಣ ಮಾಡಿದವಳು. ಖುಷಿಯಾಯಿತು, ಅಳುವೂ ಬಂತು, ಎರಡನ್ನೂ ಮುಚ್ಚಿಡಲಿಲ್ಲ.

ಅಲ್ಲಿಂದ ನೇರ ಕಾಕಾನ ಮನೆಗೆ ಹೋದೆವು. ಸ್ಟೇಷನ್ನಿನ ಸಭೆ ಆ ಸ್ಟೇಷನ್ನಿನ ವೀಳ್ಯದವರ ಮನೆಯಲ್ಲೇ ನಡೆಯಬೇಕೆಂಬುದೂ ನಿಯಮ. ಬಾಗಿಲು ತೆಗೆದ ಕಾಕಾ ಮೆಟ್ಟಿಲ ತುದಿಯವರೆಗೂ ನಿಂತಿದ್ದ ಹೆಂಗಸರನ್ನು ಕಂಡು ಕನ್ನಡಕ ಸರಿಮಾಡಿಕೊಂಡರು. ನಾನು ಪಾಸ್ ತೋರಿಸಿದೆ. ಹಿಂದಿನವರೂ ತೋರಿಸಿದರು. ಅವರು ಒಂದೊಂದನ್ನೂ ಕಣ್ಣಿಗೆ ಹತ್ತಿರ ಹಿಡಿದು, ಕಾರ್‌ಶೆಡ್‌ನ ಮನುಷ್ಯರ ಹಾಗೆ ತಿರುಗಿಸಿ ನೋಡಿದರು.

"ಹೇಳಿದ್ದೆನಲ್ಲ ಕಾಕಾ, ಬರ್ತೇನೆ ಅಂತ," ಎಂದೆ.

ಅವರು ಒಳಗೆ ತಿರುಗಿ, ಪಕ್ಕದ ಮನೆಯಿಂದಲೂ ಚಹಾದ ಕಪ್ಪು ಇಸಿದುಕೊಂಡು ಬಾ ಎಂದು ಮಗಳನ್ನು ಕಳಿಸಿದರು. ಅಂದಿನಿಂದ ತಿಂಗಳಿಗೊಮ್ಮೆ ಕೋಪರದ ಸಭೆ ಅಲ್ಲೇ ನಡೆಯುತ್ತಿದೆ. ತಮ್ಮ ಎಲೆ ಇನ್ನು ತಮ್ಮೊಬ್ಬರದಲ್ಲ ಎಂದು ಕಾಕಾಗೆ ಗೊತ್ತು. ಅದಕ್ಕೆ ಅವರು ಒಮ್ಮೆಯೂ ಮುಖ ಸಣ್ಣದು ಮಾಡಿಲ್ಲ.

ಸಂಘದಲ್ಲಿ ಮಾತ್ರ ಬಿಸಿ ಮುಟ್ಟಿತು. ಕೋಪರ, ದಿವಾ ಎರಡೂ ಈಗ ನಮ್ಮವು, ಮೊದಲಿನ ಮೂರು ಇದ್ದೇ ಇದ್ದವು. ಮುಂದಿನ ಚುನಾವಣೆಯ ಲೆಕ್ಕ ಮಗುವಿಗೂ ತಿಳಿಯುವಂತಿತ್ತು. ಇದು ಮೋಸ ಎಂದು ಕೆಲವರು ಕೂಗಿದರು. ಮಾಜಿವಾಡಾದ ಟವರಿನಲ್ಲಿ ಕೂತು ದಿವಾದ ವೀಳ್ಯ ಹಿಡಿದರೆ ಪದ್ಧತಿ, ಡೊಂಬಿವಲಿಯಲ್ಲಿ ಕೂತು ಕೋಪರದ್ದು ಹಿಡಿದರೆ ಮೋಸವೇ ಎಂದು ನಾನು ಕೇಳಿದೆ. ಕಾರ್ಯದರ್ಶಿಯವರು ಮೈಕಿನಲ್ಲಿ ಹೇಳಿದ ಮಾತು ಅಷ್ಟೂ ಜನರಿಗೆ ನೆನಪಿತ್ತು, ಅವರಿಗೂ ಇತ್ತು. ಪಾಸ್ ಕಂಡ ಮೇಲೆ ಬರೆದುಕೊಳ್ಳಲೇಬೇಕಾಯಿತು. ನನ್ನ ಸೊಸೆಯ ಹೆಸರನ್ನೂ ಬರೆದುಕೊಂಡರು.

ಕಳೆದ ಭಾನುವಾರ ಹಾಲ್‌ನಲ್ಲಿ ಮದುವೆ ಇತ್ತು. ಕ್ಲಾಸ್ ಮೆಟ್ಟಿಲ ಮೇಲೆ ನಡೆಯುತ್ತಿತ್ತು. ಅಧ್ಯಕ್ಷರು ಮೇಲಿಂದ ಇಳಿದು ಬಂದು ನನ್ನ ಪಕ್ಕದಲ್ಲಿ ನಿಂತರು. ಸೆಕೆಗೆ ಅವರ ಅಂಗಿ ಬೆನ್ನಿಗೆ ಅಂಟಿತ್ತು. ನಮ್ಮೊಳಗೇ ಮುಗಿಸುವ ಎಂದು ಮೆಲ್ಲಗೆ ಮಾತೆತ್ತಿದರು. ಕೋಣೆ ವಾಪಸ್ ಕೊಡುತ್ತಾರಂತೆ, ಕೇಟರಿಂಗಿನವರಿಗೆ ತಾವೇ ಹೇಳುತ್ತಾರಂತೆ. ನಾವು ಕೋಪರ, ದಿವಾದ ಪಾಸುಗಳನ್ನು ಬಿಟ್ಟು ಮೊದಲಿನ ಸ್ಟೇಷನ್ನುಗಳಿಗೆ ಮರಳಬೇಕಂತೆ, ವೀಳ್ಯ ಇದ್ದ ಹಾಗೇ ಇರಲಿ ಅಂತೆ.

ಕಾಕಾ ಗ್ಯಾಲರಿಯಲ್ಲಿ ಕೇಳಿದ್ದೂ ಇದೇ. ಅವರಿಗೇ ಇಲ್ಲವೆಂದವಳು ಇವರಿಗೆ ಹೂಂ ಅನ್ನಲೇ?

"ಕೋಣೆ ನೀವು ಕೊಡುವಂಥದ್ದಲ್ಲ, ನಾನು ತೆಗೊಳ್ಳುವಂಥದ್ದೂ ಅಲ್ಲ," ಎಂದೆ. "ಸದಸ್ಯರನ್ನು ಕೇಳಿ. ಒಬ್ಬರಿಗೆ ಒಂದು ಓಟು. ಸೋತರೆ ನಾನೇ ಬೋರ್ಡ್ ಎತ್ತಿಕೊಂಡು ಹೋಗ್ತೇನೆ."

ಅವರು ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. "ಎಷ್ಟು ದಿನ ಅಂತ ಅಕ್ಕ, ಹೀಗೆ ಮೆಟ್ಟಿಲಲ್ಲಿ ಕೂರುದು?"

"ಪಾಸ್ ಮುಗಿಯುವವರೆಗೆ."

"ಅದು ಯಾವಾಗ ಮುಗಿಯುದು?"

"ತಿಂಗಳು ತಿಂಗಳು ಹೊಸತು ಮಾಡಿಸ್ತೇವೆ," ಎಂದೆ.

ಅವರು ಕೆಳಗಿಳಿಯಲು ಹೊರಟರು. ಕೆಳಗಿನ ಮೆಟ್ಟಿಲುಗಳ ತುಂಬ ಸಣ್ಣ ಮಕ್ಕಳು, ಅವರ ಚೀಲಗಳು, ಬಿಡಿಸಿಟ್ಟ ಪುಸ್ತಕಗಳು. ಅಧ್ಯಕ್ಷರ ಬೂಟು ಒಂದು ಪುಸ್ತಕದ ಅಂಚನ್ನು ತುಳಿಯುವುದರಲ್ಲಿತ್ತು. ಆ ಪುಸ್ತಕದ ಹುಡುಗಿ ಬಂದು ವರ್ಷವಾದರೂ ನನ್ನ ಪ್ರತಿ ಪ್ರಶ್ನೆಗೆ ಹಿಂದಿಯಲ್ಲೇ ಉತ್ತರ ಕೊಡುವವಳು. ಅವಳು ಬರೆಯುತ್ತಿದ್ದ ಕೈ ನಿಲ್ಲಿಸಿ ತಲೆ ಎತ್ತಿದಳು.

"ಬೂಟು ತೆಗೆದು ಹೋಗಿ," ಎಂದು ಕನ್ನಡದಲ್ಲೇ ಹೇಳಿದಳು. "ಇದು ನಮ್ಮ ಕ್ಲಾಸು."

ಅಧ್ಯಕ್ಷರು ಬಗ್ಗಿ ಬೂಟು ಬಿಚ್ಚಿದರು. ಎರಡನ್ನೂ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಗೋಡೆ ಹಿಡಿದುಕೊಂಡು, ಮಕ್ಕಳ ನಡುವೆ ಒಂದೊಂದೇ ಮೆಟ್ಟಿಲು ಇಳಿದು ಹೋದರು.